ಬಸ್ ತೊಳೆಯುವಾಕೆಯ ಮನೆಯಲ್ಲಿ ಏಳು ವಾರ

ಬೆಳಗಿನ ಐದೂಕಾಲು. ಡಿಪೋದ ಹಿಂಬದಿಯಲ್ಲಿ ಬಸ್ಸೊಂದು ಬಂದು ನಿಲ್ಲುತ್ತದೆ. ಡ್ರೈವರ್ ಆಕಳಿಸುತ್ತ ಇಳಿದು ಹೋಗುತ್ತಾನೆ. ಮೊಣಕಾಲುದ್ದದ ರಬ್ಬರ್ ಬೂಟು ತೊಟ್ಟ ಹೆಂಗಸೊಬ್ಬರು ನೀರಿನ ಪೈಪನ್ನು ಅಲ್ಲೇ ಬಿಟ್ಟು ಮೊದಲು ಬಸ್ಸಿನೊಳಕ್ಕೆ ಹತ್ತುತ್ತಾರೆ. ಒಂದೊಂದು ಸೀಟಿನ ಕೆಳಗೂ ಬಗ್ಗಿ ನೋಡುತ್ತಾರೆ. ಈವತ್ತು ಸಿಕ್ಕಿದ್ದು ಒಂಟಿ ಕಾಲುಚೀಲ, ಕಿತ್ತಳೆ ಸಿಪ್ಪೆ, ಯಾರದೋ ಓದುವ ಕನ್ನಡಕ.

‘ನೀರು ಬಿಡೋಕೆ ಮುಂಚೆ ನೋಡ್ಬೇಕು ಅಕ್ಕ. ಬಿಟ್ಟ ಮೇಲೆ ನೋಡಿದ್ರೆ ಏನು ಬಂತು? ಎಲ್ಲಾ ಚರಂಡಿ ಪಾಲು’ ಎನ್ನುತ್ತಾರೆ ಕನ್ನಡಕವನ್ನು ಜೇಬಿಗಿಳಿಸಿ.

ಎಂಟು ಗಂಟೆಯೊಳಗೆ ಹದಿನೇಳು ಬಸ್ಸು ತೊಳೆದಾಗಬೇಕು. ಇರುವವರು ಮೂರೇ ಹೆಂಗಸರು. ಮೂವರೂ ಸೇರಿ ತೊಳೆಯುವ ಒಂದೊಂದು ಬಸ್ಸಿಗೆ ಹತ್ತು ನಿಮಿಷವೂ ಸಿಗುವುದಿಲ್ಲ. ಇವರದು ಎಂಟು ವರ್ಷದಿಂದ ಇದೇ ಕೆಲಸ. ಬೆಳಿಗ್ಗೆ ಕಿಟಕಿ ಗಾಜಿಗೆ ತಲೆ ಆನಿಸಿ ನಿದ್ದೆ ಹೊಡೆಯುವ ನಮಗೆ ಆ ಗಾಜನ್ನು ಯಾರು ಒರೆಸಿದರು ಎಂಬ ಯೋಚನೆಯೇ ಬರುವುದಿಲ್ಲ. ನಾನು ಬರೆಯಲು ಹೋಗಿದ್ದು ಅದನ್ನೇ. ಎರಡನೇ ದಿನ, ಚಹಾ ಕುಡಿಯುತ್ತ ಕೂತಿದ್ದಾಗ, ಅವರು ಮಾತಿನ ದಾರಿಯನ್ನೇ ಬದಲಿಸಿಬಿಟ್ಟರು.

‘ಬಸ್ ತೊಳೆಯೋದು ಏನು ಮಹಾ ಅಕ್ಕ? ಕೊಳೆ ಎಲ್ಲಿದೆ ಅಂತ ಕಣ್ಣಿಗೆ ಕಾಣುತ್ತೆ. ನನ್ನ ಮಗಳಿಗೆ ಏನಾಯ್ತು ಅಂತ ಮಾತ್ರ ಏಳು ವಾರ ತಲೆ ಕೆರೆದುಕೊಂಡ್ವಿ. ಇವತ್ತಿಗೂ ಪೂರ್ತಿ ಗೊತ್ತಿಲ್ಲ.’

ಮಗಳಿಗೆ ಐದೂವರೆ ವರ್ಷ. ನಿಂತಲ್ಲೇ ಗಿರ್ರನೆ ತಿರುಗುವುದು ಅವಳಿಗೆ ಪ್ರಾಣ. ಅದಕ್ಕೇ ಮನೆಮಂದಿಗೆಲ್ಲ ಅವಳು ‘ಗಿರಗಿಟ್ಲೆ’. ಮೂರು ತುಂಬಿದಾಗ ಆಟಿಸಂ ಎಂದು ವೈದ್ಯರು ಹೇಳಿದರು. ಅಲ್ಲಿಂದ ದಿನಾ ಹತ್ತು ಗಂಟೆಗೆ ಇಂಥ ಮಕ್ಕಳ ತರಬೇತಿ ಕೇಂದ್ರಕ್ಕೆ ಹೋಗುತ್ತಾಳೆ. ಅಪ್ಪ ಸೋಫಾ ಕುಶನ್ ಹೊಲಿಯುವವರು. ಹೆಂಡತಿ ಡಿಪೋದಿಂದ ಬರುವವರೆಗೆ ಮಗಳ ಜವಾಬ್ದಾರಿ ಅವರದು. ಎರಡು ಬೀದಿ ಆಚೆ ಇರುವ ಅಜ್ಜಿ ಆಗ ಮಧ್ಯಾಹ್ನ ಬರುತ್ತಿದ್ದರು. ಎರಡು ವರ್ಷದ ಪಾಡಿನ ನಂತರ ಗಿರಗಿಟ್ಲೆ ತಾನೇ ತಿನ್ನಲು ಕಲಿತಿದ್ದಳು, ನಾಲ್ಕು ಮಾತು ಆಡುತ್ತಿದ್ದಳು: ಬಾ, ಬೇಡ, ಹಾಲು, ಬಸ್ಸು. ‘ನಾಲ್ಕು ಮಾತಲ್ಲೇ ಸಂಸಾರ ನಡೀತಿತ್ತು ನಮ್ದು’ ಎಂದು ತಾಯಿ ನಗುತ್ತಾರೆ.

ಒಂದು ಸೋಮವಾರ ಎಲ್ಲ ತಲೆಕೆಳಗಾಯಿತು. ಬೆಳಿಗ್ಗೆ ತಟ್ಟೆ ತಳ್ಳಿದಳು. ಕೇಂದ್ರಕ್ಕೆ ಹೊರಡಿಸಿದರೆ ಮುಂಬಾಗಿಲ ಹೊಸ್ತಿಲಲ್ಲಿ ಚೀರಿ ನೆಲಕ್ಕೆ ಬಿದ್ದಳು. ಸಂಜೆಯ ಹೊತ್ತಿಗೆ ತಲೆಯನ್ನು ಗೋಡೆಗೆ ಬಡಿಯತೊಡಗಿದಳು. ಎತ್ತಿಕೊಳ್ಳಲು ಹೋದ ಅಪ್ಪನ ಮುಂಗೈ ಕಚ್ಚಿದಳು. ವಾರ ಕಳೆಯುವುದರಲ್ಲಿ ಆ ನಾಲ್ಕು ಮಾತುಗಳಲ್ಲಿ ಉಳಿದಿದ್ದು ‘ಬೇಡ’ ಒಂದೇ.

ಯಾಕೆ? ಕೇಳಿದರೆ ಎಲ್ಲರ ಬಳಿಯೂ ಉತ್ತರವಿತ್ತು. ಪಕ್ಕದ ಮನೆಯಾಕೆ ‘ಇಂಥ ಮಕ್ಕಳು ಹಾಗೇ ಬಿಡಿ’ ಎಂದರು. ಮೊದಲು ತೋರಿಸಿದ ವೈದ್ಯರು ಸಹ ಹೆಚ್ಚುಕಮ್ಮಿ ಅದನ್ನೇ ಹೇಳಿದರು. ಮಗುವಿನ ಮೈ ಮುಟ್ಟಿ ನೋಡಲಿಲ್ಲ. ಅಜ್ಜಿ ಸೊಸೆಯ ಕಡೆ ತಿರುಗಿದರು. ಆ ಸೋಮವಾರಕ್ಕೆ ಹದಿನೈದು ದಿನ ಮುಂಚೆ ತಾಯಿಯ ಪಾಳಿ ಸಂಜೆಯಿಂದ ಬೆಳಗಿಗೆ ಬದಲಾಗಿತ್ತು. ‘ಎದ್ದಾಗ ತಾಯಿ ಮುಖ ಕಾಣದೆ ಮಗು ಕಂಗೆಟ್ಟಿದೆ. ಇದಕ್ಕೆ ಡಾಕ್ಟರು ಬೇರೆ ಬೇಕಾ?’

‘ಅತ್ತೆ ಅಂದಿದ್ದು ಎದೆಗೆ ನಾಟ್ತು. ಯಾಕಂದ್ರೆ ನನಗೂ ಒಳಗೊಳಗೇ ಹಾಗೇ ಅನ್ನಿಸ್ತಿತ್ತು’ ಎಂದು ತಾಯಿ ಬೂಟಿನ ಕಡೆ ನೋಡುತ್ತ ಹೇಳುತ್ತಾರೆ. ಡಿಪೋದ ಮೇಸ್ತ್ರಿಯ ಕೈಕಾಲು ಹಿಡಿದು ಹತ್ತು ದಿನ ಸಂಜೆ ಪಾಳಿಗೆ ಮರಳಿದರು. ಮಗಳು ಎದ್ದಾಗ ತಾಯಿ ಎದುರಲ್ಲೇ ಇದ್ದರು. ಮಗಳು ಆ ಮುಖವನ್ನೇ ದೂಡಿ ಗೋಡೆಯ ಕಡೆ ಹೋದಳು.

ಕೇಂದ್ರದ ಟೀಚರಮ್ಮ ಮಾತ್ರ ಉತ್ತರ ಕೊಡುವ ಬದಲು ಪ್ರಶ್ನೆ ಕೇಳಿದರು. ‘ಅವಳಿಗೆ ಹೇಳೋಕೆ ಬರಲ್ಲ, ಆದ್ರೆ ಏನನ್ನೋ ಹೇಳ್ತಾ ಇದ್ದಾಳೆ. ಮನೇಲಿ ಏನೇನು ಬದಲಾಯ್ತು, ನೆನಪು ಮಾಡ್ಕೊಳ್ಳಿ.’

ಗಂಡ ಹೆಂಡತಿ ನೆನಪು ಮಾಡಿಕೊಳ್ಳಲು ಕೂತರು. ಬದಲಾಗದಿರುವುದು ಏನು ಎಂದು ಹುಡುಕುವುದೇ ಸುಲಭವಿತ್ತು! ಬಾಗಿಲಿಗೆ ಹಸಿರು ಬಣ್ಣ ಬಳಿದಿದ್ದರು. ಮಂಚ ಕಿಟಕಿಯ ಪಕ್ಕಕ್ಕೆ ಸರಿದಿತ್ತು. ಡಿಪೋದಲ್ಲಿ ಹೊಸ ಸಾಬೂನು ನೀರು ಬಂದಿತ್ತು, ನಿಂಬೆಯ ಘಾಟು ತಾಯಿಯ ಬಟ್ಟೆಗೆ ಹತ್ತುತ್ತಿತ್ತು. ಮೇಲಿನ ಮನೆಯಲ್ಲಿ ಗೋಡೆ ಕೊರೆಯುತ್ತಿದ್ದರು. ಎಲ್ಲವನ್ನೂ ಒಟ್ಟಿಗೆ ಬದಲಿಸಬೇಡಿ, ಒಂದೊಂದಾಗಿ ನೋಡಿ ಎಂದು ಟೀಚರಮ್ಮ ಹೇಳಿದ್ದರು.

ಮೊದಲು ಮಂಚ. ಹಳೇ ಜಾಗಕ್ಕೆ ಎಳೆದರು, ಮಗಳು ಎರಡು ದಿನ ಸುಮ್ಮನಿದ್ದಳು. ‘ಸಿಕ್ತು ಅಂದ್ಕೊಂಡೆ. ಊರಿಗೆಲ್ಲಾ ಡಂಗುರ ಹೊಡೆಯೋದೊಂದು ಬಾಕಿ ಇತ್ತು’ ಎನ್ನುತ್ತಾರೆ ಅಪ್ಪ. ಮೂರನೇ ದಿನ ಮತ್ತೆ ಗೋಡೆಗೆ ತಲೆ. ತಾಯಿ ಡಿಪೋದಲ್ಲೇ ಸ್ನಾನ ಮಾಡಿ, ಬಟ್ಟೆ ಬದಲಿಸಿ ಬರತೊಡಗಿದರು. ಒಂದು ದಿನ ಮಗಳು ಬಂದು ತೊಡೆಯ ಮೇಲೆ ಕೂತಳು, ಮರುದಿನ ಅದೇ ಮಗಳು ಹತ್ತಿರ ಸೇರಿಸಲಿಲ್ಲ. ಮೇಲಿನ ಮನೆಯ ಕೊರೆತ ತಾನಾಗೇ ನಿಂತಿತು. ಇಲ್ಲಿ ಚೀರಾಟ ಹೆಚ್ಚಾಯಿತು. ಅಪ್ಪ ಬಾಗಿಲಿನ ಹಸಿರನ್ನು ಉಜ್ಜಿ ತೆಗೆದು ಹಳೇ ಕಂದು ಬಣ್ಣ ಬಳಿದರು. ಮಗಳು ಅತ್ತ ಸುಳಿಯಲೂ ಇಲ್ಲ. ಹಿತ್ತಲ ಬಾಗಿಲಿಂದಾದರೆ ಮಾತ್ರ ಹೊರಗೆ ಬರುತ್ತಿದ್ದಳು.

‘ರಾತ್ರಿ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡ್ಕೋತಿದ್ವಿ. ನೀನು ಏನಾದ್ರೂ ಅಂದ್ಯಾ ಅವಳಿಗೆ, ನೀನು ಗದರಿದ್ಯಾ ಅಂತ. ನಮ್ಮ ಮೇಲೇ ನಮಗೆ ಅನುಮಾನ’ ಎನ್ನುತ್ತಾರೆ ತಾಯಿ.

ಆರನೇ ವಾರ. ಮಗಳ ಬಟ್ಟೆ ಒಗೆಯುವಾಗ ತಾಯಿ ಒಂದು ವಿಷಯ ಗಮನಿಸಿದರು. ಅಂಗಿಗಳ ಎಡತೋಳು ಮಾತ್ರ ಜೊಲ್ಲಿನಿಂದ ಗಟ್ಟಿಯಾಗಿದೆ, ಅಂಚು ಕಚ್ಚಿ ಕಚ್ಚಿ ಹರಿದಿದೆ. ಆ ದಿನವೆಲ್ಲ ಮಗಳ ಮೇಲೆ ಕಣ್ಣಿಟ್ಟರು. ಅವಳು ಗೋಡೆಗೆ ಬಡಿಯುತ್ತಿದ್ದುದು ತಲೆಯನ್ನಲ್ಲ, ಎಡಗೆನ್ನೆಯನ್ನು. ಬಡಿಯದಿದ್ದಾಗ ಅದೇ ಕೆನ್ನೆಯನ್ನು ಕಿಟಕಿಯ ತಣ್ಣನೆಯ ಕಂಬಿಗೆ ಒತ್ತಿ ನಿಲ್ಲುತ್ತಿದ್ದಳು. ಹಲ್ಲಿರಬಹುದೇ?

ಹಲ್ಲಿನ ಡಾಕ್ಟರ ಬಳಿ ಕರೆದೊಯ್ದರೆ ಬಾಯಿ ತೆರೆಯಬೇಕಲ್ಲ. ಮೊದಲ ಸಲ ಕುರ್ಚಿ ನೋಡಿಯೇ ಓಡಿದಳು. ಡಾಕ್ಟರಮ್ಮ ಅವಸರ ಮಾಡಲಿಲ್ಲ. ನೋವಿಗೊಂದು ಔಷಧಿ ಕೊಟ್ಟು, ‘ಮನೇಲಿ ಬಾಯಿ ತೆರೆಯೋ ಆಟ ಆಡಿಸಿ. ಎಲ್ಲರೂ ಆಡಿ. ಜ್ವರ ಬಂದ್ರೆ, ಕೆನ್ನೆ ಊದಿದ್ರೆ ಮಾತ್ರ ತಡ ಮಾಡ್ಬೇಡಿ’ ಎಂದರು. ಅಪ್ಪ ನೆಲದ ಮೇಲೆ ಮಲಗಿ ಬಾಯಿ ಬಿಟ್ಟರು, ತಾಯಿ ಚಮಚ ಹಿಡಿದು ಎಣಿಸಿದರು. ನಾಲ್ಕು ದಿನ ಮಗಳು ತಿರುಗಿಯೂ ನೋಡಲಿಲ್ಲ. ಐದನೇ ದಿನ ಅಜ್ಜಿಯ ಸರದಿ. ಅಜ್ಜಿ ಮಲಗಿ, ಬಾಯಿಗೆ ಕೈ ಹಾಕಿ, ಹಲ್ಲಿನ ಸೆಟ್ಟನ್ನೇ ತೆಗೆದು ಅಂಗೈಯಲ್ಲಿಟ್ಟರು.

ಗಿರಗಿಟ್ಲೆ ಬೆಕ್ಕಸಬೆರಗಾದಳು. ಹತ್ತಿರ ಬಂದು ಅಜ್ಜಿಯ ಬೋಳು ವಸಡನ್ನು ಮುಟ್ಟಿದಳು. ಆಮೇಲೆ ತನ್ನ ಬಾಯನ್ನು ಅಗಲಿಸಿ, ತನ್ನದೂ ಕೈಗೆ ಬರುತ್ತದೋ ಎಂಬಂತೆ ಬೆರಳು ಹಾಕಿದಳು. ಎಡಬದಿಯಲ್ಲಿ, ಕೊನೆಯಲ್ಲಿ, ಕಪ್ಪು ಗುಂಡಿ ಬಿದ್ದ ದವಡೆ ಹಲ್ಲು, ಬುಡದಲ್ಲಿ ಕೀವು.

‘ಅತ್ತೆ ಅಲ್ಲೇ ಗೊಳೋ ಅಂತ ಅತ್ತುಬಿಟ್ರು. ಹಲ್ಲಿನ ಸೆಟ್ ಕೈಯಲ್ಲಿದೆ, ಮಾತು ಸ್ಪಷ್ಟ ಇಲ್ಲ. ನನ್ನ ಮಗಳೇ, ನನ್ನ ಮಗಳೇ ಅಂತ ನನ್ನ ಕೈ ಹಿಡ್ಕೊಂಡಿದ್ರು. ನನ್ನನ್ನ ಕರೆದ್ರೋ ಮೊಮ್ಮಗಳನ್ನೋ, ನಾನು ಕೇಳ್ಲಿಲ್ಲ.’

ಮರುದಿನ ಡಾಕ್ಟರಮ್ಮ ತಾವೇ ನೆಲದ ಮೇಲೆ ಕೂತು ಮಗುವಿನ ಬಾಯಿ ನೋಡಿದರು. ಆಸ್ಪತ್ರೆಯಲ್ಲಿ ಅರಿವಳಿಕೆ ಕೊಟ್ಟು ಹಲ್ಲು ತೆಗೆದರು. ನಾಲ್ಕನೇ ದಿನ ಗಿರಗಿಟ್ಲೆ ಎರಡು ಬಾಳೆಹಣ್ಣು ತಿಂದಳು. ಗೋಡೆಯ ಬಳಿ ಹೋಗಲಿಲ್ಲ. ವಾರದೊಳಗೆ ‘ಹಾಲು’ ಎಂಬ ಮಾತು ಮರಳಿತು.

ಹಾಗಾದರೆ ಹಲ್ಲೇ ಕಾರಣವಾಗಿತ್ತು ಅನ್ನಿ, ಎಂದೆ ನಾನು. ಕಥೆಗೊಂದು ಕೊನೆ ಸಿಕ್ಕಿತೆಂದು ಪೆನ್ನಿನ ಮುಚ್ಚಳ ಹಾಕುವುದರಲ್ಲಿದ್ದೆ.

‘ಗೋಡೆಗೆ ಬಡ್ಕೊಳ್ಳೋಕೆ ಹಲ್ಲು ಕಾರಣ. ಮುಂಬಾಗಿಲು?’ ಅವರು ನನ್ನನ್ನೇ ಕೇಳಿದರು. ‘ಅದನ್ನ ಈಗಲೂ ದಾಟಲ್ಲ. ಬಣ್ಣವೂ ಅಲ್ಲ, ಹಲ್ಲೂ ಅಲ್ಲ. ಮತ್ತೆ ಬಸ್ಸು ಅನ್ನೋ ಮಾತು ವಾಪಸ್ ಬರ್ಲೇ ಇಲ್ಲ. ಅದೆಲ್ಲಿ ಹೋಯ್ತು? ಟೀಚರಮ್ಮನಿಗೂ ಗೊತ್ತಿಲ್ಲ. ಗೊತ್ತಿಲ್ಲ ಅಂತ ಹೇಳ್ತಾರಲ್ಲ, ಅದಕ್ಕೇ ನನಗೆ ಅವರ ಮೇಲೆ ನಂಬಿಕೆ.’

ಈಗ ಇಡೀ ಮನೆ ಹಿತ್ತಲ ಬಾಗಿಲಿಂದಲೇ ಓಡಾಡುತ್ತದೆ. ಚಪ್ಪಲಿ ಸ್ಟ್ಯಾಂಡ್ ಅಲ್ಲಿಗೇ ಹೋಗಿದೆ. ನೆಂಟರು ಬಂದರೂ ಮನೆ ಸುತ್ತಿ ಬರಬೇಕು. ತಾಯಿ ಬೆಳಗಿನ ಪಾಳಿಯಲ್ಲೇ ಇದ್ದಾರೆ. ಮಗಳು ಏಳುವ ಹೊತ್ತಿಗೆ ಅಜ್ಜಿಯೇ ಬಂದು ಕೂತಿರುತ್ತಾರೆ, ಯಾರೂ ಹೇಳಿದ್ದಲ್ಲ.

ನಿಮಗೇನು ಆಸೆ ಎಂದು ಕೇಳಿದರೆ ಅವರು ಹೋದ ವಾರದ ಮಾತು ತೆಗೆಯುತ್ತಾರೆ. ಹಿತ್ತಲಲ್ಲಿ ತಿರುಗುತ್ತಿದ್ದ ಗಿರಗಿಟ್ಲೆ ಬಿದ್ದು ಮೊಣಕಾಲು ತರಚಿಕೊಂಡಳು. ಚೀರಲಿಲ್ಲ, ಯಾರನ್ನೂ ಕಚ್ಚಲಿಲ್ಲ. ಕುಂಟುತ್ತ ಒಳಗೆ ಬಂದು ತಾಯಿಯ ಕೈ ಹಿಡಿದು ಎಳೆದು, ಗಾಯದ ಪಕ್ಕದಲ್ಲಿ ಇಟ್ಟುಕೊಂಡಳು.

‘ಇಲ್ಲಿ ಅಂತ ತೋರಿಸಿದ್ಲು ಅಕ್ಕ. ಹುಟ್ಟಿದಾಗಿಂದ ಇದೇ ಮೊದಲು’ ಎಂದು ಅವರು ಎದ್ದು ಪೈಪು ಕೈಗೆತ್ತಿಕೊಳ್ಳುತ್ತಾರೆ. ಮುಂದಿನ ಬಸ್ಸು ಬಂದು ನಿಂತಿದೆ. ‘ಯಾಕೆ ಅಂತ ಹೇಳ್ದಿದ್ರೂ ಬೇಡ. ಎಲ್ಲಿ ಅಂತ ಹೇಳಿದ್ರೆ ಸಾಕು, ಮಿಕ್ಕಿದ್ದು ನಾವು ಹುಡುಕ್ತೀವಿ.’