ಲ್ಯಾಬಿಗೆ ಕಳುಹಿಸದ ಅನಲೈಸರ್

ಕೋವಿಡ್‌ನ ಎರಡನೇ ಅಲೆ ಇಳಿದ ಮರುವರ್ಷದ ಮಾತು. ಮುಂಬಯಿಯ ವಿಲೆ ಪಾರ್ಲೆಯಲ್ಲಿನ ನೂರಿಪ್ಪತ್ತು ಹಾಸಿಗೆಗಳ ಖಾಸಗಿ ಆಸ್ಪತ್ರೆಯೊಂದರಲ್ಲಿ ನಾನು ಬಯೋಮೆಡಿಕಲ್ ಎಂಜಿನಿಯರ್ ಆಗಿದ್ದೆ. ನಿವೃತ್ತಿಗೆ ಮೂರು ವರ್ಷ ಬಾಕಿ. ವಿಭಾಗವೆಂದರೆ ಬೇಸ್‌ಮೆಂಟಿನ ಒಂದು ಕೋಣೆ, ಒಂದು ಉದ್ದನೆಯ ಮೇಜು ಮತ್ತು ನಾನು. ಜೊತೆಗಿದ್ದ ಟೆಕ್ನಿಶಿಯನ್ ಬೇರೆ ಕೆಲಸ ಹಿಡಿದು ಹೋದ ಮೇಲೆ ಆ ಜಾಗಕ್ಕೆ ಯಾರನ್ನೂ ತೆಗೆದುಕೊಂಡಿರಲಿಲ್ಲ. ವಾರ್ಡುಗಳಿಂದ ಫೋನ್ ಬಂದರೆ ಯಂತ್ರದ ಬಗ್ಗೆ ನಾಲ್ಕು ಮಾತು. ಇಲ್ಲದಿದ್ದರೆ ದಿನವಿಡೀ ಎಸಿ ಪ್ಲಾಂಟಿನ ಸದ್ದು.

ನನ್ನ ಹೊಣೆಯಲ್ಲಿ ಹನ್ನೊಂದು ಡಿಫಿಬ್ರಿಲೇಟರ್‌ಗಳಿದ್ದವು. ಲಯ ತಪ್ಪಿ ಕಂಪಿಸುವ ಹೃದಯಕ್ಕೆ ವಿದ್ಯುತ್ ಆಘಾತ ಕೊಟ್ಟು ಸರಿದಾರಿಗೆ ತರುವ ಯಂತ್ರವಿದು. 200 ಜೂಲ್ ಎಂದು ಗುಂಡಿ ತಿರುಗಿಸಿದರೆ ನಿಜಕ್ಕೂ ಅಷ್ಟು ಶಕ್ತಿ ಹೊರಬರುತ್ತಿದೆಯೇ ಎಂದು ಆರು ತಿಂಗಳಿಗೊಮ್ಮೆ ಅಳೆಯಬೇಕು. ಅಳೆಯುವ ಪೆಟ್ಟಿಗೆಗೆ ಅನಲೈಸರ್ ಎನ್ನುತ್ತಾರೆ. ರೋಗಿಯ ಎದೆಯ ಬದಲು ಅದೇ ಆಘಾತವನ್ನು ಪಡೆದು, ಬಂದದ್ದೆಷ್ಟು ಎಂದು ಅಂಕಿಯಲ್ಲಿ ಹೇಳುತ್ತದೆ. 170ರಿಂದ 230ರ ಒಳಗಿದ್ದರೆ ಪಾಸ್; ಯಂತ್ರಕ್ಕೆ ಹಸಿರು ಸ್ಟಿಕ್ಕರ್ ಅಂಟಿಸಿ ನಾನು ಸಹಿ ಹಾಕುತ್ತಿದ್ದೆ.

ಆ ವರ್ಷ ನಮ್ಮ ಹಳೆಯ ಅನಲೈಸರ್ ರಿಪೇರಿಗೂ ಬಾರದಂತೆ ಕೆಟ್ಟಿತು. ಆಸ್ಪತ್ರೆಯ ತಪಾಸಣೆಗೆ ಉಳಿದಿದ್ದದ್ದು ಒಂದೇ ತಿಂಗಳು. ಹೊಸದು ವಿದೇಶದಿಂದ ಬರಲು ಹತ್ತು ವಾರ ಬೇಕು. ಸೆಕೆಂಡ್ ಹ್ಯಾಂಡ್ ಆದರೆ ಮೂರನೇ ಒಂದು ಪಾಲು ಬೆಲೆಗೆ ತಕ್ಷಣ ಸಿಗುತ್ತಿತ್ತು. ಯಾವುದು ಬೇಕೆಂದು ನೀವೇ ನಿರ್ಧರಿಸಿ ಎಂದು ಮೆಡಿಕಲ್ ಸೂಪರಿಂಟೆಂಡೆಂಟ್ ಫೈಲನ್ನು ನನ್ನ ಕಡೆ ತಳ್ಳಿದರು.

ಸೆಕೆಂಡ್ ಹ್ಯಾಂಡ್ ಎಂದೊಡನೆ ನನಗೆ ನೆನಪಾದವರು ವಾಸಣ್ಣ. ಗ್ರಾಂಟ್ ರೋಡ್ ಸ್ಟೇಷನ್ನಿನಿಂದ ನಡೆದುಹೋಗುವಷ್ಟು ದೂರದಲ್ಲಿ, ಹಳೆಯ ಬಿಲ್ಡಿಂಗೊಂದರ ಮೂರನೇ ಮಹಡಿಯಲ್ಲಿ ಅವರ ಅಂಗಡಿ. ಉಡುಪಿ ಕಡೆಯವರು, ಎಪ್ಪತ್ತರ ಹತ್ತಿರದ ವಯಸ್ಸು. ಮುಚ್ಚಿದ ಕಂಪನಿಗಳಿಂದ ಬಂದ ಆಸಿಲೋಸ್ಕೋಪು, ಮೀಟರುಗಳನ್ನು ಕೊಂಡು, ಸರಿಪಡಿಸಿ ಮಾರುತ್ತಿದ್ದರು. ಮೊದಲು ಬಿಡಿಭಾಗಕ್ಕೆಂದು ಹೋಗುತ್ತಿದ್ದೆ. ನನ್ನ ಯಜಮಾನರು ತೀರಿಕೊಂಡ ಮೇಲೆ ಏನೂ ಬೇಕಿಲ್ಲದಿದ್ದರೂ ಶನಿವಾರ ಮಧ್ಯಾಹ್ನ ಲೋಕಲ್ ಹತ್ತುತ್ತಿದ್ದೆ. ಅವರದು ಕರಾವಳಿಯ ಕನ್ನಡ, ನನ್ನದು ಮೈಸೂರಿನದು. ವಾರದ ಉಳಿದ ಆರು ದಿನ ನಾನು ಕನ್ನಡದಲ್ಲಿ ಮಾತಾಡುತ್ತಿದ್ದದ್ದು ಅಣ್ಣನಿಗೆ ಫೋನ್ ಮಾಡಿದಾಗ ಮಾತ್ರ, ಅದೂ ಎರಡು ನಿಮಿಷ. ಹಾಗಾಗಿ ಆ ಒಂದು ಗಂಟೆ ನನಗೆಷ್ಟು ಬೇಕಾಗಿತ್ತೆಂಬುದನ್ನು ನಾನು ಯಾರಿಗೂ, ನನಗೂ, ಹೇಳಿಕೊಂಡಿರಲಿಲ್ಲ.

"ಅನಲೈಸರ್ ಒಂದು ಉಂಟು ಮೇಡಂ, ನಿಮಗಾಗಿಯೇ ಬಂದ ಹಾಗೆ ಬಂದಿದೆ ಮಾರಾಯ್ರೆ," ಎಂದರು ವಾಸಣ್ಣ. ಪೆಟ್ಟಿಗೆ ಚೊಕ್ಕಟವಾಗಿತ್ತು. ಜೊತೆಗೆ ಹಿಂದಿನ ಮಾಲೀಕರು ಮಾಡಿಸಿದ ಕ್ಯಾಲಿಬ್ರೇಷನ್ ಸರ್ಟಿಫಿಕೇಟ್ ಇತ್ತು. ಅಳತೆ ಸರಿಯಿದೆ ಎಂದು ಲ್ಯಾಬೊಂದು ಕೊಟ್ಟ ಪತ್ರವದು, ಏಳು ತಿಂಗಳು ಹಳೆಯದು.

ನಿಯಮ ನನಗೆ ಚೆನ್ನಾಗಿ ಗೊತ್ತಿತ್ತು. ಬಳಸಿದ ಉಪಕರಣ ಕೊಂಡರೆ ಕೆಲಸಕ್ಕೆ ಹಚ್ಚುವ ಮೊದಲು ಹೊರಗಿನ ಲ್ಯಾಬಿಗೆ ಕಳುಹಿಸಿ ಮತ್ತೆ ಅಳೆಸಬೇಕು. ಹತ್ತು ದಿನದ ಕೆಲಸ, ಸಮಯವೂ ಇತ್ತು. ಆದರೂ ಕಳುಹಿಸಲಿಲ್ಲ. ವಾಸಣ್ಣ ಕೊಟ್ಟ ಪೆಟ್ಟಿಗೆಯನ್ನೇ ಅನುಮಾನಿಸಿದಂತಾಗುತ್ತದೆ ಎಂಬ ಸಂಕೋಚ. ಇದಕ್ಕಿಂತ ಒಳ್ಳೆಯ ಕಾರಣವನ್ನು ಇಂದಿಗೂ ನಾನು ಕೊಡಲಾರೆ.

ಎರಡು ದಿನದಲ್ಲಿ ಹನ್ನೊಂದೂ ಯಂತ್ರಗಳನ್ನು ಅಳೆದೆ. 200ಕ್ಕೆ ಇಟ್ಟಾಗ ಹತ್ತು ಯಂತ್ರಗಳು 224ರಿಂದ 228ರ ನಡುವೆ ತೋರಿಸಿದವು. ಕ್ಯಾಶುವಾಲ್ಟಿಯದು ಮಾತ್ರ 190. ಹತ್ತೂ ಒಂದೇ ಕಡೆ ವಾಲಿವೆಯಲ್ಲ ಎಂದು ಅನಿಸದೇ ಇರಲಿಲ್ಲ. ಮಿತಿಯೊಳಗಿವೆ ಎಂದು ಸಹಿ ಹಾಕಿದೆ. 200ಕ್ಕೆ ಅತಿ ಹತ್ತಿರವಿದ್ದ ಕ್ಯಾಶುವಾಲ್ಟಿಯ ಯಂತ್ರವೇ ಎಲ್ಲಕ್ಕಿಂತ ಚೆನ್ನಾಗಿದೆ ಎಂದೂ ಅಂದುಕೊಂಡೆ. ತಪಾಸಣೆ ಸುಗಮವಾಗಿ ಮುಗಿಯಿತು.

ಅದಾಗಿ ಎರಡು ವಾರಕ್ಕೆ ಹೊಸ ಐಸಿಯು ವಾರ್ಡಿಗೆ ಒಂದು ಹೊಚ್ಚ ಹೊಸ ಡಿಫಿಬ್ರಿಲೇಟರ್ ಬಂತು. ಸೀಲ್ ಒಡೆದು ಅಳೆದೆ: 227. ಡಬ್ಬದೊಳಗೆ ಕಾರ್ಖಾನೆಯಲ್ಲಿ ಅಳೆದು ಬರೆದ ಚೀಟಿಯಿತ್ತು: 199.6. ಮೇಜಿನ ಮೇಲೆ ಎರಡು ಅಂಕಿಗಳನ್ನು ಪಕ್ಕಪಕ್ಕ ಬರೆದುಕೊಂಡು ಲೆಕ್ಕ ಹಾಕಿದೆ. ತಪ್ಪು ಯಂತ್ರಗಳದ್ದಲ್ಲ, ಅಳತೆಗೋಲಿನದು. ಅನಲೈಸರ್ ಎಲ್ಲವನ್ನೂ ಸುಮಾರು ಶೇಕಡಾ ಹದಿನಾಲ್ಕು ಹೆಚ್ಚಿಗೆ ಹೇಳುತ್ತಿತ್ತು. ಹಾಗಿದ್ದರೆ ಹತ್ತು ಯಂತ್ರಗಳು ಸರಿಯಾಗಿಯೇ ಇದ್ದವು. ಕ್ಯಾಶುವಾಲ್ಟಿಯದು 190 ಅಲ್ಲ, 167. ಫೇಲ್.

ಮೆಟ್ಟಿಲು ಹತ್ತಿ ಓಡಿದೆ. ಮೊದಲು ಪಕ್ಕದ ವಾರ್ಡಿನ ಯಂತ್ರವನ್ನು ತಂದು ಕ್ಯಾಶುವಾಲ್ಟಿಯಲ್ಲಿಟ್ಟು, ಅಲ್ಲಿದ್ದುದರಿಂದ ಹಸಿರು ಸ್ಟಿಕ್ಕರನ್ನು ಉಗುರಿನಿಂದ ಕೆರೆದು ತೆಗೆದೆ. ಸಿಸ್ಟರ್ ಇನ್‌ಚಾರ್ಜ್ ನೋಡುತ್ತಾ ನಿಂತಿದ್ದರು.

"ಮೇಡಂ, ಪಾಸ್ ತೋ ಆಪ್‌ನೇ ಹೀ ಕಿಯಾ ಥಾ ನಾ?"

ಹೌದು, ಪಾಸ್ ಮಾಡಿದ್ದು ನಾನೇ ಎಂದೆ. ಅಲ್ಲಿಂದೀಚೆಗೆ ಅದನ್ನು ಯಾರ ಮೇಲಾದರೂ ಬಳಸಿದ್ದಿದೆಯೇ ಎಂದು ಕೇಳಿದೆ. ಅವರು ರಿಜಿಸ್ಟರ್ ತಿರುವಿದರು. ಒಮ್ಮೆ ಬಳಸಿದ್ದರು, ಒಬ್ಬ ಟ್ಯಾಕ್ಸಿ ಚಾಲಕನ ಮೇಲೆ. ಮೊದಲ ಶಾಕ್‌ಗೆ ಹೃದಯ ಸ್ಪಂದಿಸಲಿಲ್ಲ, ಎರಡನೆಯದಕ್ಕೆ ಮರಳಿತು. ವಾರ ಕಳೆದು ಮನೆಗೆ ನಡೆದುಕೊಂಡು ಹೋಗಿದ್ದನಂತೆ. ಮೊದಲ ಶಾಕಿಗೇ ಬರುತ್ತದೆ ಎಂದು ಯಾರೂ ಗ್ಯಾರಂಟಿ ಕೊಡುವುದಿಲ್ಲ ಎಂದು ಡಾಕ್ಟರು ಸಮಾಧಾನ ಹೇಳಿದರು. ಆ ಮೊದಲ ಶಾಕಿನಲ್ಲಿ ಇಲ್ಲದೇ ಹೋದ ಮೂವತ್ತಮೂರು ಜೂಲ್‌ಗಳ ಲೆಕ್ಕ ನನ್ನೊಬ್ಬಳಲ್ಲೇ ಉಳಿಯಿತು.

ಅನಲೈಸರನ್ನು ಆಗ ಲ್ಯಾಬಿಗೆ ಕಳುಹಿಸಿದೆ. ನನ್ನ ಅಂದಾಜು ನಿಜವೆಂದು ವರದಿ ಬಂತು. ಸೂಪರಿಂಟೆಂಡೆಂಟ್‌ಗೆ ಬರೆದುಕೊಟ್ಟ ಟಿಪ್ಪಣಿಯಲ್ಲಿ ಒಂದು ಸಾಲು ಹೀಗಿತ್ತು: ಬಳಕೆಗೆ ಮೊದಲು ಕ್ಯಾಲಿಬ್ರೇಷನ್ ಮಾಡಿಸದೇ ಇದ್ದದ್ದು ನನ್ನ ಲೋಪ. ಆ ಸಾಲು ಬೇಕೇ ಎಂದು ಅವರು ಎರಡು ಸಲ ಕೇಳಿದರು. ಬೇಕು ಎಂದೆ. ಶಿಕ್ಷೆಯೇನೂ ಆಗಲಿಲ್ಲ. ಆದರೆ ಅದಾದ ಮೇಲೆ ನಾನು ಸಹಿ ಹಾಕಿದ ಯಂತ್ರವನ್ನು ಸಿಸ್ಟರ್‌ಗಳು ಮತ್ತೊಮ್ಮೆ ತಾವೇ ನೋಡತೊಡಗಿದರು. ಕ್ಯಾಂಟೀನಿನಲ್ಲಿ ನಾನು ಕೂತ ಮೇಜಿನಲ್ಲಿ ಮಾತು ಕಡಿಮೆಯಾಯಿತು. ಅವರನ್ನು ದೂರುವಂತಿರಲಿಲ್ಲ.

ಶನಿವಾರ ಪೆಟ್ಟಿಗೆ ಹಿಡಿದು ಗ್ರಾಂಟ್ ರೋಡಿಗೆ ಹೋದೆ. ವಾಸಣ್ಣ ವಾದಿಸಲಿಲ್ಲ. ಸ್ಕ್ರೂ ಬಿಚ್ಚಿ, ಒಳಗಿದ್ದ ದಪ್ಪ ರೆಸಿಸ್ಟರಿಗೆ ತಮ್ಮ ಮೀಟರ್ ಹಚ್ಚಿದರು. ಎದೆಯ ಬದಲು ಆಘಾತ ತಾಳಿಕೊಳ್ಳುವ ಭಾಗವದು. 50 ಓಮ್ ಇರಬೇಕು. ಮೀಟರ್ 57 ತೋರಿಸಿತು, ಅದೇ ಶೇಕಡಾ ಹದಿನಾಲ್ಕು ಹೆಚ್ಚು. ಒಂದು ಬದಿ ಸುಟ್ಟು ಕಂದಿ ಹೋಗಿತ್ತು.

"ಎರಡು ನಿಮಿಷದ ಕೆಲಸ ಇದು," ಎಂದರು. ಕನ್ನಡಕ ತೆಗೆದರು. "ನಾನು ನೋಡ್ಲಿಲ್ಲ. ನೀವು ಹೇಗೂ ಲ್ಯಾಬಿಗೆ ಕಳಿಸ್ತೀರಿ ಅಂತ ಬಿಟ್ಟೆ."

"ನಿಮ್ಮ ಅಂಗಡೀದು ಅಲ್ವಾ ಅಂತ ನಾನು ಕಳಿಸ್ಲಿಲ್ಲ, ವಾಸಣ್ಣ."

ಅವರು ಚಹಾ ತರಿಸಿದರು. ಕುಡಿದು ಹೊರಟೆ.

ಆಮೇಲೂ ಎರಡು ಮೂರು ಸಲ ಹೋದೆ. ನಾನು ಕೂರುವ ಮೊದಲೇ ಅವರು ಸರ್ಟಿಫಿಕೇಟುಗಳನ್ನು ಮೇಜಿನ ಮೇಲೆ ಹರಡುತ್ತಿದ್ದರು. ಊರಿನ ಸುದ್ದಿ ಎತ್ತಿದರೆ ಒಂದೆರಡು ಮಾತಿಗೆ ಮುಗಿಸುತ್ತಿದ್ದರು. ಸಿಟ್ಟಲ್ಲ ಅದು, ನಾಚಿಕೆ. ನನಗೂ ಅದೇ. ಮರುವರ್ಷ ಅವರು ಅಂಗಡಿ ಬಿಟ್ಟುಕೊಟ್ಟು ಆಂಟಾಪ್ ಹಿಲ್‌ನ ಮಗಳ ಮನೆಯಲ್ಲಿದ್ದಾರೆಂದು ಕೇಳಿದೆ. ವಿಳಾಸ ಬರೆದುಕೊಂಡೆ, ಹೋಗಲಿಲ್ಲ. ಶನಿವಾರಗಳು ಮನೆಯಲ್ಲೇ ಕಳೆದವು.

ಹೊಸ ಅನಲೈಸರನ್ನೂ ಕೊನೆಗೆ ತರಿಸಿದೆವು. ಬಂದ ದಿನವೇ ಅದನ್ನೂ ಲ್ಯಾಬಿಗೆ ಕಳುಹಿಸಿದೆ. ಹೊಸದಕ್ಕೂ ಪರೀಕ್ಷೆಯೇ ಎಂದು ತಂದುಕೊಟ್ಟವರು ನಕ್ಕರು.

ಈಗ ನಿವೃತ್ತಳಾಗಿದ್ದೇನೆ. ಹಳೆಯದು ಕೊಳ್ಳಲೋ ಹೊಸದೋ ಎಂದು ಕೇಳಿ ಆಗೊಮ್ಮೆ ಈಗೊಮ್ಮೆ ಎಂಜಿನಿಯರುಗಳು ಫೋನ್ ಮಾಡುತ್ತಾರೆ. ಅದಲ್ಲ ಪ್ರಶ್ನೆ, ಕೊನೆಯ ಸಲ ಅದನ್ನು ಅಳೆದವರು ಯಾರು, ಅಳೆದ ಮೇಲೆ ಅದಕ್ಕೇನಾಯಿತು ಎಂದು ಕೇಳಿ ಎನ್ನುತ್ತೇನೆ. ಕಳೆದ ತಿಂಗಳು ಥಾಣೆಯ ಆಸ್ಪತ್ರೆಯೊಂದರಿಂದ ಒಬ್ಬಳು ಫೋನ್ ಮಾಡಿದ್ದಳು. ಮುಂಬಯಿಯಲ್ಲೇ ಬೆಳೆದ ಕನ್ನಡದ ಹುಡುಗಿ, ತಡವರಿಸುತ್ತಾ ಮಾತಾಡುತ್ತಾಳೆ.

"ಮೇಡಂ, ಮಾರೋರು ನನಗೆ ತುಂಬಾ ಕ್ಲೋಸ್ ಇದ್ದಾರೆ. ಲ್ಯಾಬ್ ಟೆಸ್ಟ್ ಅಂದ್ರೆ ಅವರಿಗೆ ಬುರಾ ಲಗೇಗಾ."

"ಹತ್ತು ದಿನ ಬೇಜಾರು ಮಾಡ್ಕೋತಾರೆ, ಮಾಡ್ಕೊಳ್ಲಿ ಬಿಡಮ್ಮ," ಎಂದೆ. "ಮೊದಲು ಕಳಿಸು. ಅವರು ನಿನಗೆ ಆಮೇಲೂ ಬೇಕಲ್ವಾ?"