ನೀರು ಬರುವುದಿಲ್ಲ ಎಂದು ಹೇಳಲು ಹೋದದ್ದು

ಬೆಲ್ಲದ ಅಚ್ಚು ಒಡೆದಾಗ ಬರುವ ವಾಸನೆಗೆ ನಿಮಗೆ ಹಬ್ಬ ನೆನಪಾಗಬಹುದು. ನನಗೆ ಮಾತ್ರ ಕೆಟ್ಟ ಸುದ್ದಿ ಹೊತ್ತು ಹೋದ ಒಂದು ಅಂಗಳ ನೆನಪಾಗುತ್ತದೆ. ಇವತ್ತು ಬೆಳಿಗ್ಗೆ ಕುಮಟೆಯ ನನ್ನ ಅಡುಗೆಮನೆಯಲ್ಲೂ ಹಾಗೇ ಆಯಿತು. ಇವತ್ತು ಅದಕ್ಕೆ ಇನ್ನೊಂದು ಕಾರಣವೂ ಇತ್ತೆನ್ನಿ. ಹೊನ್ನಾವರದಲ್ಲಿ ನಾನು ನೋಡಿಕೊಳ್ಳುತ್ತಿರುವ ಹುಡುಗಿಯರ ಹಾಸ್ಟೆಲ್ ಕಟ್ಟಡ ಶಾಲೆ ಶುರುವಾಗುವುದರೊಳಗೆ ಮುಗಿಯುವುದಿಲ್ಲ. ಅದನ್ನು ಅಲ್ಲಿಯ ವಾರ್ಡನ್ ಮೇಡಂ ಅವರಿಗೆ ತಿಳಿಸಬೇಕು. ಮೊಬೈಲಿನಲ್ಲಿ ಎರಡು ಸಾಲು ಬರೆಯುವುದು, ಅಳಿಸುವುದು, ಮತ್ತೆ ಬರೆಯುವುದು, ಇದೇ ನನ್ನ ಈ ವಾರದ ಸಾಧನೆ.

ನಾನು ಹುಟ್ಟಾ ಪುಕ್ಕಲಿ. ಬಸ್ಸು ಹತ್ತಿದರೆ ಇದು ಭಟ್ಕಳಕ್ಕೇ ಹೋಗುವುದಾ ಎಂದು ಕಂಡಕ್ಟರನ್ನು ಕೇಳುತ್ತೇನೆ, ಅವನ ಮೇಲೆ ನಂಬಿಕೆ ಸಾಲದೆ ಪಕ್ಕದ ಸೀಟಿನವರನ್ನೂ ಕೇಳುತ್ತೇನೆ. ಇಂಥವಳಿಗೆ ಡಿಪ್ಲೊಮಾ ಮುಗಿದ ಕೂಡಲೇ ಸಿಕ್ಕ ಕೆಲಸ, ಮಂಕಿಯ ಸಮುದ್ರದ ಬದಿಯ ಕೇರಿಗಳಿಗೆ ಪೈಪು ಹಾಕಿ ಕುಡಿಯುವ ನೀರು ತರುವುದು. ಎರಡು ಸಾವಿರದ ಇಸವಿ ದಾಟಿ ಸ್ವಲ್ಪ ಕಾಲವಾಗಿತ್ತು. ನನ್ನ ಮೇಲೆ ಮ್ಯಾನೇಜರ್ ಆಗಿ ನಾಯ್ಕರಿದ್ದರು. ನನಗಿಂತ ದೊಡ್ಡ ಪುಕ್ಕಲರು ಲೋಕದಲ್ಲಿ ಇದ್ದಾರೆಂದು ಗೊತ್ತಾಗಿ ಸಮಾಧಾನವಾದದ್ದೂ ಆಗಲೇ. ಊಟದ ಡಬ್ಬಿ ಬಿಚ್ಚಿ ಎದುರಿಗಿಟ್ಟುಕೊಂಡು, ತುತ್ತು ಬಾಯಿಗೆ ಹಾಕದೆ, ಪೈಪಿನ ಲಾರಿ ಬಂತಾ ಎಂದು ರಸ್ತೆ ನೋಡುತ್ತಾ ಕೂರುತ್ತಿದ್ದರು.

ಆ ಕೇರಿಗಳಲ್ಲಿ ಬೇಸಿಗೆ ಬಂತೆಂದರೆ ಬಾವಿಯ ನೀರು ಉಪ್ಪಾಗುತ್ತದೆ. ಚಳಿಗಾಲದಲ್ಲಿ ನಡೆದ ಸಭೆಯಲ್ಲಿ ಜನ ಕೇಳಿದಾಗ ನಾಯ್ಕರು, ಏಪ್ರಿಲ್ ಮುಗಿಯುವುದರೊಳಗೆ ನಳದಲ್ಲಿ ಸಿಹಿ ನೀರು ಬರುತ್ತದೆ ಎಂದುಬಿಟ್ಟಿದ್ದರು. ಕೆಲಸವೂ ಹಾಗೆಯೇ ಓಡುತ್ತಿತ್ತು. ಆಮೇಲೆ ಅಗೆಯುವ ದಾರಿಯಲ್ಲಿ ಕರಿಕಲ್ಲು ಸಿಕ್ಕಿತು. ಸುತ್ತ ಮನೆಗಳು, ಮದ್ದಿಟ್ಟು ಒಡೆಯುವಂತಿಲ್ಲ. ಕೈಯಲ್ಲಿ ಕುಟ್ಟುತ್ತಾ ಹೋದರೆ ಮಳೆಗಾಲ ಬರುವುದು ಖಂಡಿತ. ನಮ್ಮ ಆಫೀಸಿನ ದೊಡ್ಡವರು ಫೋನಿನಲ್ಲಿ, ಈಗಲೇ ಯಾರಿಗೂ ಏನೂ ಹೇಳಬೇಡಿ, ಏಪ್ರಿಲ್ ಬಂದಾಗ ನೋಡಿಕೊಳ್ಳೋಣ ಎಂದರು. ನನಗೆ ಈ ಮಾತು ಬಹಳ ಹಿಡಿಸಿತು. ಪುಕ್ಕಲರಿಗೆ ಇದಕ್ಕಿಂತ ಒಳ್ಳೆಯ ಆಜ್ಞೆ ಯಾವುದಿದೆ?

ನಾಯ್ಕರು ಫೋನಿಟ್ಟರು. ಆಮೇಲೆ ಬೈಕಿನ ಕೀಲಿ ತೆಗೆದರು.

"ಹೋಗ್ವ ತಂಗಿ, ಮಾದೇವಕ್ಕನ ಮನೆಗೆ."

"ಈಗಲೇ ಎಂತಕ್ಕೆ ಸರ್? ಹೇಳ್ಬೇಡಿ ಅಂದ್ರಲ್ಲ."

"ನಾ ಹೇಳಿದ್ ತಾರೀಕು ನೋಡ್ಕಂಡು ಅವಳು ಮಗಳ ಮದುವೆ ಇಟ್ಕಂಡಿದ್ದಾಳೆ. ಕೆಲ್ಸ ಎಷ್ಟಾತು ಅಂತ ಮಾತ್ರ ನೋಡಿದ್ರೆ ಸಾಲ್ದು. ಯಾರು ಕಾಯ್ತಾ ಇದ್ದಾರೆ ಅಂತ ನೋಡ್ಬೇಕು."

ಮಾದೇವಕ್ಕ ಗಂಡ ಸತ್ತ ಮೇಲೆ ಮೀನು ಒಣಗಿಸಿ ಮಾರಿ ಮಗಳನ್ನು ಬೆಳೆಸಿದವಳು. ಮಗಳನ್ನು ತನ್ನ ಅಂಗಳದಿಂದಲೇ ಕಳಿಸಬೇಕು, ಬೇರೆಯವರ ಹಂಗು ಬೇಡ ಎಂಬುದು ಅವಳ ಹಟ. ನೀರಿನ ನಂಬಿಕೆಯ ಮೇಲೆ ಮೇ ತಿಂಗಳಲ್ಲಿ ಮುಹೂರ್ತ ಇಡಿಸಿ, ಮನೆಮನೆಗೆ ಹೋಗಿ ಕರೆದೂ ಆಗಿತ್ತು. ನಾವು ಹೋದಾಗ ಚಪ್ಪರಕ್ಕೆ ತೆಂಗಿನ ಮಡಲು ಹೆಣೆಯುತ್ತಿದ್ದಳು. ಖುಷಿಯಿಂದ ಒಳಗೆ ಓಡಿ ಬೆಲ್ಲ ನೀರು ತಂದಿಟ್ಟಳು. ನನಗೆ ಬೆವರು ಕಿತ್ತುಬಂತು. ನಾಯ್ಕರು ಲೋಟ ಎತ್ತಿಕೊಂಡು ಬಾಯಿಗಿಡದೆ ಹಾಗೇ ಹಿಡಿದಿದ್ದರು. ಆದರೂ ಪೀಠಿಕೆ ಹಾಕಲಿಲ್ಲ.

"ಮಾದೇವಕ್ಕ, ಮದುವೆಯೊಳಗೆ ನೀರು ಬರೂದಿಲ್ಲ. ಕಲ್ಲು ಸಿಕ್ಕಿದೆ."

ಅವಳು ಮಡಲು ಕೆಳಗಿಟ್ಟಳು. "ಆ ನೀರು ಕುಡಿರಿ ಮೊದ್ಲು," ಎಂದಳು.

ಕುಡಿದೆವು. ಬಾಯಲ್ಲಿ ಬೆಲ್ಲ ಇದ್ದರೂ ಗಂಟಲಿಗೆ ಇಳಿದದ್ದು ಉಪ್ಪು.

"ಈ ನೀರಲ್ಲಿ ಬೇಳೆ ಬೇಯೂದಿಲ್ಲ ನಾಯ್ಕರೆ. ನಾ ಬೀಗರಿಗೆ ಎಂತ ಬಡಸ್ಲಿ?"

ಏನಾದರೂ ಸಮಾಧಾನ ಹೇಳಿ ಪಾರಾಗೋಣವೆಂದು ನಾನು ಬಾಯಿ ತೆರೆಯುತ್ತಿದ್ದೆ. ಟ್ಯಾಂಕರ್ ನೋಡೋಣ, ಮೇಲಿನವರಿಗೆ ಬರೆಯೋಣ, ಅಂಥದ್ದು. ನಾಯ್ಕರು ಕೈಸನ್ನೆ ಮಾಡಿ ತಡೆದರು. "ನಂಗೆ ಗೊತ್ತಿಲ್ಲ," ಎಂದರು. "ಇವತ್ತೇ ಹೇಳಿದ್ರೆ ಎಂತಾದ್ರೂ ಮಾಡೂಕೆ ನಿಮಗೆ ದಿನ ಸಿಕ್ತದೆ ಅಂತ ಬಂದೆ."

ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡಳು. "ಹಾಗಾದ್ರೆ ನನ್ ಸಂಗ್ತಿಗೆ ಬನ್ನಿ. ಬೀಗರ ಮುಂದೆ ನೀವೇ ಹೇಳಿ. ನಾನೊಬ್ಳೇ ಹೇಳಿದ್ರೆ, ಮದುವೆ ಮಾಡೂಕೆ ತಾಕತ್ತಿಲ್ಲ, ಅದ್ಕೇ ನೆವ ಹೇಳ್ತಾಳೆ ಅಂತಾರೆ."

ಹುಡುಗನ ಮನೆ ಕಾಯ್ಕಿಣಿಯಲ್ಲಿ. ಅವರಿಬ್ಬರು ಬೈಕಿನಲ್ಲಿ, ನಾನು ಹಿಂದಿನಿಂದ ಬಸ್ಸಿನಲ್ಲಿ. ಆ ಬಸ್ಸಿನಲ್ಲಿ ಕುಳಿತು ನಾನು ಊಹಿಸಿಕೊಂಡ ಅನಾಹುತಗಳನ್ನು ಬರೆಯಹೋದರೆ ಬೇರೆ ಪುಸ್ತಕವೇ ಬೇಕು. ಮದುವೆ ಮುರಿಯುತ್ತದೆ, ಹುಡುಗಿ ಬಾವಿಗೆ ಹಾರುತ್ತಾಳೆ, ಆ ಉಪ್ಪುನೀರಿನ ಬಾವಿಗೇ, ನಾನು ಸಾಕ್ಷಿ ಹೇಳಲು ಕೋರ್ಟಿಗೆ ಹೋಗುತ್ತೇನೆ. ನಾನು ಹೋಗಿ ಮುಟ್ಟುವಷ್ಟರಲ್ಲಿ ನಾಯ್ಕರು ಜಗಲಿಯ ಮೇಲೆ ಕುಳಿತು ಹೇಳಿ ಮುಗಿಸಿದ್ದರು. ಹುಡುಗನ ತಂದೆ ಎಲೆಯಡಿಕೆಯ ಕವಳ ಜಗಿಯುತ್ತಾ ಕೂತಿದ್ದರು. ಮಾದೇವಕ್ಕ ತಲೆ ತಗ್ಗಿಸಿದ್ದಳು. ಅಷ್ಟು ಹೊತ್ತು ಒಬ್ಬ ಮನುಷ್ಯ ಕವಳ ಜಗಿಯುವುದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಕೊನೆಗೆ ಅವರು ಎದ್ದು ಅಂಗಳದಾಚೆ ಹೋಗಿ ಉಗುಳಿ ಬಂದರು. "ನಮ್ಮ ಬಾವಿಯಲ್ಲಿ ನೀರದೆ," ಎಂದರು. "ಮದುವೆ ನಿಮ್ಮ ಅಂಗಳದಲ್ಲೇ ಆಗ್ಲಿ. ಹಿಂದಿನ ದಿನವೇ ಟೆಂಪೋದಲ್ಲಿ ಡ್ರಮ್ ತುಂಬಿ ಕಳಸ್ತೆವೆ."

ನನಗೆ ಅಳು ಬಂತು, ಸಂತೋಷಕ್ಕೆ. ಎಲ್ಲ ಸರಿಹೋಯಿತು ಎಂದುಕೊಂಡೆ.

ಮದುವೆ ಚೆನ್ನಾಗಿಯೇ ಆಯಿತು. ನಮ್ಮನ್ನೂ ಕರೆದಿದ್ದಳು. ಪಂಕ್ತಿಯಲ್ಲಿ ನಾಯ್ಕರ ಎಲೆಗೆ ತಾನೇ ಪಾಯಸ ಬಡಿಸುತ್ತಾ ಮಾದೇವಕ್ಕ ಮೆಲ್ಲಗೆ ಹೇಳಿದಳು. "ನಿಮ್ಮ ಮಾತು ನಂಬಿ ಬೀಗರ ಮುಂದೆ ನೀರಿಗೆ ಕೈ ಒಡ್ಡಿದೆ. ಅದನ್ನ ನಾ ಮರೆಯೂದಿಲ್ಲ."

"ಮರೀಬೇಡಿ," ಎಂದರು ನಾಯ್ಕರು. ಅಷ್ಟು ಹೇಳಿ, ತಲೆ ಬಗ್ಗಿಸಿ ಪಾಯಸ ಪೂರ್ತಿ ಉಂಡರು.

ಹೊರಗೆ ಬಂದ ಮೇಲೆ ನನಗೆ ತಡೆಯಲಾಗಲಿಲ್ಲ. ಇಷ್ಟೆಲ್ಲ ಮಾಡಿದ ಮೇಲೂ ಹಾಗಂದಳಲ್ಲ ಸರ್, ಎಂದೆ. "ಅವಳು ಹೊಗಳ್ಲಿ ಅಂತ ಹೇಳೂಕೆ ಹೋದದ್ದಲ್ಲ ತಂಗಿ," ಎಂದು ಬೈಕು ಚಾಲೂ ಮಾಡಿದರು. ದೊಡ್ಡವರ ಮಾತು ಮೀರಿ ಹೇಳಿದ್ದಕ್ಕೆ ಆ ವರ್ಷ ಅವರ ಬಡ್ತಿ ತಪ್ಪಿತು. ಅದರ ಬಗ್ಗೆ ಅವರು ಮಾತಾಡಿದ್ದನ್ನು ನಾನು ಕೇಳಿಲ್ಲ.

ಈಗ ಮ್ಯಾನೇಜರುಗಳಿಗೆ ಬುದ್ಧಿ ಹೇಳುವ ತರಬೇತಿಗಳು ಬೇಕಾದಷ್ಟಿವೆ. ನಾನೂ ಕೆಲವಕ್ಕೆ ಹೋಗಿ ಊಟ ಮಾಡಿ ಬಂದಿದ್ದೇನೆ. ಯಾರಿಗೂ ಬೇಸರವಾಗದಂತೆ ಕೆಟ್ಟ ಸುದ್ದಿ ಹೇಳುವ ಉಪಾಯವೊಂದು ಎಲ್ಲಾದರೂ ಸಿಕ್ಕೀತೆಂಬ ಆಸೆ ನನಗೆ ಇಂದು ಬೆಳಿಗ್ಗೆ ಬೆಲ್ಲ ಒಡೆಯುವವರೆಗೂ ಇತ್ತು. ಈ ವಾರವೆಲ್ಲ ಮೊಬೈಲಿನಲ್ಲಿ ಹುಡುಕುತ್ತಿದ್ದುದು ಅದನ್ನೇ.

ಮಧ್ಯಾಹ್ನ ಹೊನ್ನಾವರದ ಬಸ್ಸು ಹತ್ತಿದೆ. ವಾರ್ಡನ್ ಮೇಡಂ ಅವರ ಎದುರಿಗೆ ಕುಳಿತು, ಹಾಸ್ಟೆಲ್ ಜೂನಿಗೆ ಆಗುವುದಿಲ್ಲ ಎಂದೆ. ಅವರಿಗೆ ಸಿಟ್ಟು ಬಂತು. ದೂರದ ಹುಡುಗಿಯರ ಹೆಸರು ಒಂದೊಂದೇ ಹೇಳಿ, ಇವರೆಲ್ಲ ಎಲ್ಲಿ ಮಲಗಬೇಕು ಎಂದು ಕೇಳಿದರು. ಎದ್ದು ಹೋಗಬೇಕೆಂದು ಕಾಲು ತವಕಿಸುತ್ತಿತ್ತು. ಅವರು ಹೆಸರು ಹೇಳಿ ಮುಗಿಸುವವರೆಗೂ ಕುಳಿತೇ ಇದ್ದೆ.