ಸಣ್ಣ ಸದ್ದಿಗೆ ಏಳದ ಚಿಪ್

ಹಿಯರಿಂಗ್ ಏಡ್ ಒಳಗಿನ ಚಿಪ್ ವಿನ್ಯಾಸ ಮಾಡುವುದು ನನ್ನ ಕೆಲಸ. ಬ್ಯಾಟರಿ ಉಳಿಯಬೇಕೆಂದರೆ ಸದ್ದಿಲ್ಲದಾಗ ಚಿಪ್ ಮಲಗಬೇಕು, ಯಾರಾದರೂ ಮಾತಾಡಿದ ಕೂಡಲೇ ಏಳಬೇಕು. ಎಷ್ಟು ಸಣ್ಣ ಸದ್ದನ್ನು ಸದ್ದೇ ಅಲ್ಲ ಅನ್ನಬೇಕೆಂದು ತೀರ್ಮಾನಿಸಿದವನು ನಾನೇ. ಇಂದಿರಾನಗರದ ಆಫೀಸಿನಲ್ಲಿ ಪರೀಕ್ಷೆಗೆ ನಮ್ಮ ದನಿಗಳನ್ನೇ ರೆಕಾರ್ಡ್ ಮಾಡಿಕೊಂಡೆವು. ಎಲ್ಲರೂ ಗಟ್ಟಿಮುಟ್ಟಾದವರು, ಹೊಟ್ಟೆ ತುಂಬ ಊಟ ಮಾಡಿ ಬಂದು ಮೈಕಿನ ಮುಂದೆ ಕೂತವರು. ಬ್ಯಾಟರಿ ವಾರ ಪೂರ್ತಿ ಬಂತು. ಬೆನ್ನು ತಟ್ಟಿಸಿಕೊಂಡೆ.

ಮೊದಲ ಮಷೀನುಗಳಲ್ಲಿ ಒಂದನ್ನು ಕಗ್ಗದಾಸಪುರದ ನಮ್ಮ ಮನೆಗೆ ತಂದು ಅಪ್ಪನ ಕಿವಿಗೆ ಹಾಕಿದೆ. ತಗಡು ಒತ್ತುವ ಕಾರ್ಖಾನೆಯಲ್ಲಿ ದುಡಿದು ಅವರ ಕಿವಿ ಮಂದವಾಗಿತ್ತು. ಅಮ್ಮ ಆಗ ಹಾಸಿಗೆ ಹಿಡಿದಿದ್ದಳು. ಅವಳ ದನಿ ಉಸಿರಿನಷ್ಟೇ ಉಳಿದಿತ್ತು.

“ಅವಳು ಕರೆದ್ರೆ ಕೇಳ್ಸಲ್ಲ ಕಣೋ,” ಅಂದರು ಅಪ್ಪ, ಒಂದೆರಡು ಸಲ.

“ನೀವು ಸರಿಯಾಗಿ ಹಾಕ್ಕೊಳ್ಳಲ್ಲ, ಅಷ್ಟೇ. ಬ್ಯಾಟರಿ ನೋಡಿ, ವಾರ ಆದ್ರೂ ಮುಗಿಯಲ್ಲ,” ಎಂದು ರೇಗಿದೆ.

ಅಮ್ಮ ಹೋದದ್ದು ಒಂದು ಮಧ್ಯಾಹ್ನ. ಅಪ್ಪ ಕಿವಿಗೆ ಮಷೀನು ಹಾಕಿಕೊಂಡೇ ಮಂಚದ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಪೇಪರ್ ಓದುತ್ತಿದ್ದರಂತೆ. ನೀರು ಕೊಡಲು ಒಳಗೆ ಬಂದ ನನ್ನ ಹೆಂಡತಿ ನೋಡಿದಾಗ ಅಮ್ಮನ ತುಟಿ ಆಡುತ್ತಿತ್ತು, ಅಪ್ಪ ಪುಟ ತಿರುವುತ್ತಿದ್ದರು. ಅವಳು ಓಡಿ ಹತ್ತಿರ ಹೋಗುವಷ್ಟರಲ್ಲಿ ತುಟಿಯೂ ನಿಂತಿತ್ತು.

ತಿಥಿ ಮುಗಿದ ದಿನ ಅಪ್ಪ ಮಷೀನು ತೆಗೆದು ನನ್ನ ಕೈಗಿಟ್ಟರು.

“ತಗೋ,” ಅಂದರು. “ಬ್ಯಾಟರಿ ಇನ್ನೂ ಇದೆ.”